ಕಾರ್ಖಾನೆಯ ಕೆಂಪು

ಹೋದ ವರ್ಷದ ಹಳೆಯ ಗಾಡಿಗಳ ಪ್ರದರ್ಶನದಲ್ಲಿ ಅವನು ದುರಸ್ತಿ ಮಾಡಿದ ಟ್ರ್ಯಾಕ್ಟರ್ ಕನ್ನಡಿಯಂತೆ ಹೊಳೆಯುತ್ತಿತ್ತು. ಬಹುಮಾನ ಮಾತ್ರ ಪಕ್ಕದ ತುಕ್ಕು ಹಿಡಿದ ಟ್ರ್ಯಾಕ್ಟರಿಗೆ ಹೋಯಿತು. ಅದರ ಮೈಮೇಲಿದ್ದದ್ದು ಕಾರ್ಖಾನೆಯ ಮೂಲ ಬಣ್ಣವಂತೆ, ಯಾರೂ ಮುಟ್ಟಿರಲಿಲ್ಲವಂತೆ. ತೀರ್ಪು ಕೊಟ್ಟ ಮುದುಕಿ ಒಂದು ಕಾಲಕ್ಕೆ ಅದೇ ಕಾರ್ಖಾನೆಯ ಬಣ್ಣದ ವಿಭಾಗದಲ್ಲಿ ದುಡಿದವಳು. ಅವನ ಬಾನೆಟ್ಟಿನ ಮೇಲೆ ಬೆರಳಾಡಿಸಿ, "ಕೆಲ್ಸ ಚೆನ್ನಾಗಿದೆ ತಮ್ಮಾ. ಆದ್ರೆ ಇದು ನಿನ್ ಟ್ರ್ಯಾಕ್ಟರು, ನಮ್ದಲ್ಲ" ಎಂದಿದ್ದಳು. ಎಂಟು ತಿಂಗಳ ಬೆವರು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಗೆದ್ದ ಗಾಡಿ ವಸ್ತುಸಂಗ್ರಹಾಲಯ ಸೇರುತ್ತಿತ್ತು, ಕೆಳಗೆ ತಂದವನ ಹೆಸರಿನ ಫಲಕ. ಆ ಹೆಸರು ತನ್ನದಾಗಬೇಕಿತ್ತು. ಮುಟ್ಟದ್ದೇ ಬೇಕೆಂದರೆ ಮುಟ್ಟದ್ದನ್ನೇ ಮಾಡಿಕೊಟ್ಟರಾಯಿತು. ನವಿಲುಗರಿ ಸಿಕ್ಕಿಸಿಕೊಂಡ ಕಾಗೆಯ ಕತೆ ಎಲ್ಲರೂ ಕೇಳಿದ್ದೇ. ಇವನು ನವಿಲಿಗೆ ಮಸಿ ಬಳಿಯಲು ಹೊರಟ.

ಈ ಸಲ ಸಿಕ್ಕಿದ ಟ್ರ್ಯಾಕ್ಟರ್ ಅಡಿಯಿಂದ ಮುಡಿಯವರೆಗೆ ಮಂಕು ಬೂದು. ಯಾರೋ ಗೇಟಿಗೆ ಬಳಿದು ಮಿಕ್ಕಿದ್ದನ್ನು ಇದಕ್ಕೆ ಬಳಿದಿರಬೇಕು. ಕಂಪನಿಯ ಪುಸ್ತಕದಲ್ಲಿ ಈ ಮಾದರಿ ಕೆಂಪು ಎಂದೇ ಇತ್ತು. ಆದರೆ ಬೂದು ಜಿಗಣೆಯ ಹಾಗೆ ಕಚ್ಚಿಕೊಂಡಿತ್ತು. ನಾಲ್ಕು ದಿನ ಕೆರೆದು ಬೆರಳ ಸಂದುಗಳು ಒಡೆದವು. ಶೆಡ್ಡಿಗೆ ಕಾಫಿ ತಂದ ಅಕ್ಕ ನಿಂತು ನೋಡಿದಳು.

"ಇಷ್ಟು ಗಟ್ಟಿಯಾಗಿ ಕೂತಿರೋದನ್ನ ಯಾಕೋ ಕೀಳ್ತೀಯಾ? ಇದೇ ಚೆನ್ನಾಗಿತ್ತಲ್ಲ."

"ನಿಂಗೆ ಇದೆಲ್ಲ ತಿಳಿಯಲ್ಲ, ಬಿಡಕ್ಕ."

"ಹೂಂ, ನಿಂಗ್ ತಿಳಿದಿದ್ದು ಹೆಚ್ಚಾಗಿ ಕೈಯೆಲ್ಲ ರಕ್ತ" ಎಂದು ಲೋಟ ಇಟ್ಟು ಹೋದಳು.

ಕಾರ್ಖಾನೆಯಲ್ಲಿ ಗಾಡಿಯನ್ನು ಪೂರ್ತಿ ಜೋಡಿಸಿದ ಮೇಲೆ ಬಣ್ಣ ಹೊಡೆಯುತ್ತಿದ್ದರು ಎಂದು ಅವನಿಗೆ ಗೊತ್ತಿತ್ತು. ಹಾಗಾಗಿ ಒಂದೇ ಒಂದು ಬೋಲ್ಟನ್ನೂ ಬಿಚ್ಚದೆ ಎಲ್ಲದರ ಮೇಲೂ ಕೆಂಪು ಹೊಡೆದ. ಕಾರ್ಖಾನೆಯವರು ಅವಸರದಲ್ಲಿ ಹೊಡೆಯುತ್ತಿದ್ದರು, ಬಣ್ಣ ಅಲ್ಲಲ್ಲಿ ಇಳಿಯುತ್ತಿತ್ತು. ಜನ್ಮದಲ್ಲಿ ಒಂದು ಹನಿ ಇಳಿಯಲು ಬಿಡದವನು ಮಡ್‌ಗಾರ್ಡಿನ ಮೇಲೆ ಬೇಕೆಂದೇ ಎರಡು ಹನಿ ಇಳಿಸಿದ. ಕಲಿತ ವಿದ್ಯೆಯನ್ನೆಲ್ಲ ಹೀಗೆ ತಲೆಕೆಳಗು ಮಾಡುವಾಗ ಸ್ವಂತ ಕೆನ್ನೆಗೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬರುತ್ತಿತ್ತು. ಆಮೇಲೆ ತಿಂಗಳುಗಟ್ಟಲೆ ಬಿಸಿಲಿಗಿಟ್ಟ. ಹತ್ತುವಾಗ ಕಾಲು ತಾಗುವ ಕಡೆ ಗೋಣಿಯಿಂದ ಉಜ್ಜಿ ಸವೆಸಿದ. ಟ್ಯಾಂಕಿನ ಮುಚ್ಚಳದ ಕೆಳಗೆ ಡೀಸೆಲ್ ಸೋರಿ ಮಾಸಿದ ಗೆರೆ ಎಳೆದ. ಕಾರ್ಖಾನೆ ಗಾಡಿಯ ಕ್ರಮಸಂಖ್ಯೆ ಕೆತ್ತಿ ಕೂರಿಸಿದ್ದ ಹಿತ್ತಾಳೆಯ ನಂಬರ್ ಪಟ್ಟಿಯನ್ನು ಮಾತ್ರ ಮುಟ್ಟಲಿಲ್ಲ, ಅದರ ರಿವೆಟ್ಟುಗಳೂ ಕಾರ್ಖಾನೆಯವೇ. ಸುಳ್ಳಿನ ನಡುವೆ ಒಂದು ನಿಜ ಇದ್ದರೆ ಸುಳ್ಳಿಗೆ ಬೆನ್ನೆಲುಬು ಬರುತ್ತದೆ.

ಪ್ರದರ್ಶನದ ದಿನ 'ಮೂಲ ಬಣ್ಣ, ಯಾರೂ ಮುಟ್ಟಿಲ್ಲ' ಎಂಬ ಹೇಳಿಕೆಗೆ ನೆಟ್ಟಗೆ ಸಹಿ ಹಾಕಿದ. ಅದು ಸುಳ್ಳಾದರೆ ಮತ್ತೆಂದೂ ಆ ಗೇಟಿನೊಳಗೆ ಕಾಲಿಡುವಂತಿಲ್ಲ. ಮುದುಕಿ ಬಂದಳು. ಬೋಲ್ಟು ನೋಡಿದಳು, ತಲೆಯಾಡಿಸಿದಳು. ಇಳಿದ ಹನಿಗಳನ್ನು ಮುಟ್ಟಿ ನಕ್ಕಳು, ಹಳೆಯ ಗೆಳತಿಯರ ಕೈ ಮುಟ್ಟಿದ ಹಾಗೆ. ಅವನಿಗೆ ಫಲಕದ ಮೇಲಿನ ಹೆಸರು ಕಾಣತೊಡಗಿತು.

ಅವಳು ಬಗ್ಗಿ ನಂಬರ್ ಪಟ್ಟಿಯನ್ನು ಓದಿದಳು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದಳು. ಪಟ್ಟಿಯ ಮೂಲೆಯ ಸಂದಿಗೆ ಉಗುರು ತೂರಿಸಿ ಎಳೆದಾಗ ಬೆರಳ ತುದಿಗೆ ಒಂದು ಚೂರು ಬೂದು ಬಂತು. "ಈ ಗಾಡಿ ಮಾಡ್ದಾಗ ಮೂರು ತಿಂಗಳು ನಮ್ಗೆ ಕೆಂಪು ಬಣ್ಣಾನೇ ಬಂದಿರ್ಲಿಲ್ಲ ತಮ್ಮಾ" ಎಂದಳು ಮೆತ್ತಗೆ. "ಕೆಲ್ಸ ನಿಲ್ಬಾರ್ದು ಅಂತ ಇದ್ದ ಬೂದೇ ಹೊಡೆದ್ವಿ, ಒಂದು ನಲವತ್ತು ಗಾಡಿಗೆ. ಈ ನಂಬರಿಂದು ಅದ್ರಲ್ಲೊಂದು. ಒಂದೂ ಉಳಿದಿಲ್ಲ ಅಂದ್ಕೊಂಡಿದ್ದೆ. ಕೆರೆದು ಎಲ್ಲಿ ಹಾಕ್ದೆ ಆ ಬೂದನ್ನ?"