ಖಾಲಿ ಮೊಳೆ

ಚರ್ಚಿಗೆ ಹಳೆಯ ಗರಿ ಒಟ್ಟುಮಾಡುವ ಸವರಿ ಮಾಮ ಗೋಣಿಚೀಲ ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿದ. ಇತ್ತ ಸೆಲ್ವಿ, ತಾತ ಮಂಚದಲ್ಲಿ ಕಣ್ಣು ಮುಚ್ಚಿ ಮಲಗಿರುವಾಗಲೇ ಸ್ಟೂಲ್ ಹತ್ತಿ, ಗೋಡೆಯ ಮೊಳೆಗೆ ಸಿಕ್ಕಿಸಿದ್ದ ತೆಂಗಿನ ಗರಿಯ ಶಿಲುಬೆ ತೆಗೆದಳು. ಮ್ಯಾತ್ಸ್ ಪುಸ್ತಕದೊಳಗೆ ಇಟ್ಟು ಬ್ಯಾಗಿನ ಜಿಪ್ ಎಳೆದಳು.

ನಾಳೆ ಬೂದಿ ಬುಧವಾರ. ಹೋದ ವರ್ಷದ ಗರಿಗಳನ್ನೆಲ್ಲ ಚರ್ಚಿನಲ್ಲಿ ಸುಟ್ಟು, ಆ ಬೂದಿಯನ್ನೇ ಎಲ್ಲರ ಹಣೆಗೆ ಹಚ್ಚುತ್ತಾರೆ. ಅಲ್ಲಿಂದ ಈಸ್ಟರಿನ ತನಕ ಉಪವಾಸ, ಪ್ರಾರ್ಥನೆಯ ತಪಸ್ಸುಕಾಲ ಶುರು. ಹೊಸ ಗರಿ ಸಿಗುವುದು ಈಸ್ಟರಿಗೆ ಒಂದು ವಾರ ಇರುವಾಗ.

ಆದರೆ ಈ ಶಿಲುಬೆ ಕೊಡಲು ಸೆಲ್ವಿಗೆ ಮನಸ್ಸಿಲ್ಲ. ಇದು ತಾತ ಹೆಣೆದದ್ದು. ತಾತ ಚಿನ್ನದ ಗಣಿಯಲ್ಲಿ ದುಡಿದವನು, ಅಲ್ಲಿನ ಧೂಳು ಇನ್ನೂ ಅವನ ಎದೆಯಲ್ಲಿದೆ. ಕ್ರಿಸ್‌ಮಸ್ ಮುಗಿದ ವಾರ ಉಸಿರು ಕಟ್ಟಿ ಆಂಬುಲೆನ್ಸ್ ಬಂದಿತ್ತು. ಸೆಲ್ವಿ ಇದನ್ನೇ ಹಿಡಿದು ಪಕ್ಕದಲ್ಲಿ ಕೂತಿದ್ದಳು. ಬಂಗಾರಪೇಟೆ ದಾಟುವಾಗ ತಾತ ಕಣ್ಣು ಬಿಟ್ಟ. ಇದು ಮನೆಯಲ್ಲಿದ್ದರೆ ತಾತನಿಗೆ ಏನೂ ಆಗುವುದಿಲ್ಲ ಎಂದು ಅವಳು ಅವತ್ತಿನಿಂದ ನಂಬಿದ್ದಳು.

ಸವರಿ ಮಾಮ ಒಳಗೆ ಬಂದ. ಅವನಿಗೆ ಗರಿ ಕೊಡು ಎಂದು ತಾತ ಮಂಚದಿಂದಲೇ ಸೆಲ್ವಿಗೆ ಹೇಳಿದ.

"ಕಳೆದೋಯ್ತು," ಎಂದಳು ಸೆಲ್ವಿ, ನೆಲ ನೋಡುತ್ತ.

ಬೆಳಿಗ್ಗೆ ಇತ್ತಲ್ಲ ಎಂದು ತಾತ ತಾನೇ ಹುಡುಕಲು ಎದ್ದ. ಮಂಚದ ಕೆಳಗೆ ಬಗ್ಗಿದ್ದೇ ತಡ, ಕೆಮ್ಮು ಬಂತು. ಒಂದರ ಮೇಲೊಂದು, ನಿಲ್ಲಲೇ ಇಲ್ಲ. ತುಟಿ ಕಪ್ಪಾಯಿತು. ಅಮ್ಮ ಇನ್ನೂ ಫ್ಯಾಕ್ಟರಿಯಿಂದ ಬಂದಿರಲಿಲ್ಲ.

ಸವರಿ ಮಾಮ ಚೀಲ ಬಿಸಾಕಿ ತಾತನನ್ನು ಹಿಡಿದು ಕೂರಿಸಿದ. ಸೆಲ್ವಿ ಉಸಿರಿನ ಪಂಪ್ ತಂದಳು. ಮುಚ್ಚಳ ಬರಲಿಲ್ಲ. ಹಲ್ಲಿನಿಂದ ಕಚ್ಚಿ ತೆಗೆದಳು. ಒಂದು ಸಲ ಒತ್ತಿದಳು, ಇನ್ನೊಂದು ಸಲ ಒತ್ತಿದಳು. ನಿಧಾನವಾಗಿ ತಾತನ ಉಸಿರು ಮರಳಿತು.

ಶಿಲುಬೆ ಬ್ಯಾಗಿನಲ್ಲೇ ಇತ್ತು. ಆದರೂ ಕೆಮ್ಮು ಬಂದಿತ್ತು.

ಸೆಲ್ವಿ ಅಳುತ್ತ ಅದನ್ನು ಹೊರಗೆ ತೆಗೆದಳು. "ಇದನ್ನ ಸುಟ್ರೆ ನೀನು ಸತ್ತೋಗ್ತೀಯ ಅಂತ ಬಚ್ಚಿಟ್ಟೆ, ತಾತ."

ತಾತ ಬೈಯಲಿಲ್ಲ. ಪಕ್ಕ ಕೂರಿಸಿಕೊಂಡ.

"ಗಣಿಗೆ ಇಳಿಯೋವಾಗ ಜೇಬಲ್ಲಿ ಗರಿ ಇಟ್ಕೊಂತಿದ್ದೆ," ಎಂದ, ಮಾತಿಗೊಮ್ಮೆ ನಿಂತು. "ವರ್ಷಾ ವರ್ಷಾ ಸುಡಾಕೆ ಕೊಟ್ಬಿಡ್ತಿದ್ದೆ. ಹೊಸದು ಬರೋಗಂಟ ಖಾಲಿ ಜೇಬು. ಕತ್ಲಲ್ಲಿ ಬಲೇ ಭಯ ಆಗೋದು, ನನ್ ಕಣ್ಣೇ."

"ಆಮೇಲೆ?"

"ಆಗ್ಲೂ ಯೇಸಪ್ಪ ಜತೇಲೇ ಇಳೀತಿದ್ರು."

ಸೆಲ್ವಿ ತುಂಬ ಹೊತ್ತು ಶಿಲುಬೆ ಹಿಡಿದುಕೊಂಡೇ ಕೂತಿದ್ದಳು. ಸವರಿ ಮಾಮ ಅವಸರ ಮಾಡಲಿಲ್ಲ. ಕೊನೆಗೆ ಅವಳೇ ಎದ್ದು ಹೋಗಿ ಅದನ್ನು ಚೀಲದೊಳಗೆ ಇಟ್ಟಳು.

ಮರುದಿನ ಸಂಜೆ ಫಾದರ್ ಮನೆಗೇ ಬಂದು ತಾತನ ಹಣೆಗೆ ಬೂದಿ ಹಚ್ಚಿ ಹೋದರು. ಸೆಲ್ವಿಯ ಹಣೆಯಲ್ಲೂ ಚರ್ಚಿನಲ್ಲಿ ಹಚ್ಚಿದ ಬೂದಿ ಇತ್ತು. ಸ್ವಲ್ಪ ಹೊತ್ತಿಗೆ ತಾತ ಮತ್ತೆ ಕೆಮ್ಮತೊಡಗಿದ.

ಸೆಲ್ವಿಯ ಕಣ್ಣು ತಟ್ಟನೆ ಗೋಡೆಗೆ ಹೋಯಿತು. ಅಲ್ಲಿ ಬರೀ ಮೊಳೆ.

ಅವಳು ಪಂಪ್ ತೆಗೆದುಕೊಂಡು ಮಂಚದ ಮೇಲೆ ಕೂತಳು. ತಾತನ ಕೈ ಹಿಡಿದಳು. ಯೇಸಪ್ಪಾ, ಜತೇಲೇ ಇರು ಎಂದು ಮೆಲ್ಲಗೆ ಹೇಳಿಕೊಂಡಳು. ಕೆಮ್ಮು ಇನ್ನೂ ನಿಂತಿರಲಿಲ್ಲ, ಭಯವೂ ಹೋಗಿರಲಿಲ್ಲ. ಆದರೆ ಅವಳು ಆ ಮೊಳೆಯ ಕಡೆ ಮತ್ತೆ ನೋಡಲಿಲ್ಲ.