ನೀರು ಕಾಣದ ಗೋಡೆ

ದಿನಾಂಕ ಹದಿನಾಲ್ಕು, ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಠಾಣೆಗೆ ದೂರು ಬಂತು. ತಂದವರು ಹೊಸ ಮನೆಯೊಂದರ ಒಡತಿ. ಹಿಂದಿನ ಸಂಜೆ ನಾಲ್ಕಕ್ಕೆ ಅವರ ಮನೆಯ ಮುಂಗೋಡೆಯ ಪ್ಲಾಸ್ಟರ್ ಬಾಗಿಲಗಲದಷ್ಟು ಕಳಚಿ, ಕೆಳಗೆ ಏಣಿ ಹಿಡಿದು ನಿಂತಿದ್ದ ಮೇಸ್ತ್ರಿಯ ಹೆಂಡತಿಯ ಮೇಲೆ ಬಿದ್ದಿತ್ತು. ಹೆಗಲ ಮೂಳೆ ಮುರಿದು ಆಕೆ ಆಸ್ಪತ್ರೆ ಸೇರಿದ್ದಳು.

"ಕಲಬೆರಕೆ ಮಾಲು ಹಾಕಿದಾನೆ ಮೇಡಂ ಆ ಮೇಸ್ತ್ರಿ. ಬಳಿದು ತಿಂಗಳೂ ಆಗಿಲ್ಲ. ಬಿರುಕು ಬಿಟ್ಟಿದೆ, ನೋಡು ಬಾ ಅಂತ ಕರೆಸಿದ್ರೆ ಹೀಗಾಯ್ತು. ನನ್ನ ಮಕ್ಕಳ ಮೇಲೆ ಬಿದ್ದಿದ್ರೆ ಗತಿ ಏನು?"

ಇನ್‌ಸ್ಪೆಕ್ಟರ್ ಮೇಡಂ ಎಫ್‌ಐಆರ್ ದಾಖಲಿಸಿದರು. ಈ ಠಾಣೆಗೆ ವರ್ಗವಾಗಿ ಬಂದು ಮೂರು ತಿಂಗಳಾದರೂ ಅವರ ಕ್ವಾರ್ಟರ್ಸಿನಲ್ಲಿ ಪೆಟ್ಟಿಗೆಗಳು ಇನ್ನೂ ಕಟ್ಟಿದ ಹಗ್ಗದಲ್ಲೇ ಇದ್ದವು. ಬಿಚ್ಚಿ ಯಾರಿಗೆ ತೋರಿಸಬೇಕು ಎಂಬುದು ಅವರ ವಾದ. ಹಾಗಾಗಿ ಕೆಲಸವೆಂದರೆ ಅವರಿಗೆ ಬೇಸರವಿರಲಿಲ್ಲ.

ಹನ್ನೊಂದಕ್ಕೆ ಕಾನ್‌ಸ್ಟೇಬಲ್ ಮೇಸ್ತ್ರಿಯನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದ. ಉಗುರಿನಲ್ಲಿ ಇನ್ನೂ ಸಿಮೆಂಟ್ ಇತ್ತು.

"ನಾಳೆ ಬೆಳಿಗ್ಗೆ ಆಪರೇಷನ್ ಮೇಡಂ. ಅವಳ ಹತ್ರ ಒಂದು ನರಪಿಳ್ಳೇನೂ ಇಲ್ಲ. ನನ್ನ ಒಳಗೆ ಹಾಕಿದ್ರೆ ಅವಳನ್ನ ನೋಡೋರು ಯಾರು?"

"ಕೇಳಿದ್ದಕ್ಕೆ ಉತ್ತರ ಹೇಳು. ಯಾವ ಮಾಲು ಹಾಕಿದೆ?"

"ಚೀಲದಲ್ಲಿ ಬರೋ ರೆಡಿ ಪ್ಲಾಸ್ಟರ್. ಹಗುರ ಬ್ಲಾಕಿನ ಗೋಡೆ ಅದು, ಬಿಸಿಲಲ್ಲಿ ಬಂದ ನೆಂಟನ ಥರ ಕೊಟ್ಟಷ್ಟೂ ನೀರು ಕುಡಿಯುತ್ತೆ. ಬರೀ ಮರಳು ಸಿಮೆಂಟ್ ಬಳಿದ್ರೆ ಸರಿಹೋಗಲ್ಲ. ಹಿಂದಿನ ಗೋಡೆ ಮೇಲೆ ಮೂರು ಥರ ಬಳಿದು ತೋರಿಸಿದ್ದೆ. ಅಮ್ಮಾವ್ರೇ ಆರಿಸಿದ್ದು."

"ಕಂಬ, ಬ್ಲಾಕು ಸೇರೋ ಕಡೆ?"

"ಬಿರುಕು ಬಿಡದ ಹಾಗೆ ತಂತಿ ಜಾಲರಿ ಹೊಡೆದಿದೀನಿ."

"ಬಳಿದ ಮೇಲೆ?"

"ಏಳು ದಿನ, ದಿನಕ್ಕೆ ಮೂರು ಸಲ ನೀರು ಹೊಡೀಬೇಕು, ಇಲ್ಲಾಂದ್ರೆ ಗಟ್ಟಿಯಾಗಲ್ಲ. ಅದು ನಮ್ಮ ಕೆಲಸ ಅಲ್ಲ. ನೀರಣ್ಣಂದು."

ನೀರಣ್ಣ ಎಂದರೆ ಒಡತಿಯ ಸ್ವಂತ ಅಣ್ಣ. ಅಂಚೆ ಕಚೇರಿಯಿಂದ ನಿವೃತ್ತರು. ಹೆಂಡತಿ ತೀರಿಕೊಂಡ ಮೇಲೆ ಒಂದು ಬಾಡಿಗೆ ಕೋಣೆಯಲ್ಲಿದ್ದವರು. ತಂಗಿ ಪರಊರಿನಲ್ಲಿದ್ದುದರಿಂದ ಎಂಟು ತಿಂಗಳಿಂದ ಕಟ್ಟಡದ ಉಸ್ತುವಾರಿ ಅವರದೇ. ಪೈಪು ಹಿಡಿದು ಗೋಡೆಗೆ ನೀರು ಹೊಡೆಯುವ ಅವರನ್ನು ನೋಡಿ ಮೇಸ್ತ್ರಿಯ ಹೆಂಡತಿಯೇ ಆ ಹೆಸರಿಟ್ಟಿದ್ದಳು.

ಹನ್ನೆರಡೂವರೆಗೆ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ಶುರುವಾಯಿತು. ಹೆಡ್ ಕಾನ್‌ಸ್ಟೇಬಲ್ ಬಿದ್ದ ಹೆಂಟೆಗಳನ್ನು ಅಳೆದು, ಚೀಲಕ್ಕೆ ಹಾಕಿ ಮೊಹರು ಮಾಡಿದ. ಅವನ ಮಾವ ಗಾರೆ ಕೆಲಸದವರು. ಅದನ್ನು ಹೇಳದೆ ಅವನು ಒಂದು ಇಟ್ಟಿಗೆಯನ್ನೂ ಮುಟ್ಟುವವನಲ್ಲ.

"ಜಾಲರಿ ಇದೆ ಮೇಡಂ. ಖಾಲಿ ಚೀಲಗಳೂ ಅದೇ ಮಾಲಿಂದೇ. ನಮ್ಮ ಮಾವ ಹೇಳೋರು—"

"ನಿಮ್ಮ ಮಾವನ್ನ ಆಮೇಲೆ ಸಾಕ್ಷಿ ಮಾಡೋಣ. ಮೊದಲು ಗೋಡೆ ತಟ್ಟು."

ಅವನು ಕರಣೆಯ ಹಿಡಿಯಿಂದ ಮುಂಗೋಡೆಯನ್ನು ತಟ್ಟಿದ. ಎಲ್ಲೆಲ್ಲೂ ಒಳಗೆ ಟೊಳ್ಳಾದ ಹಾಗೆ ಡಬ್ ಡಬ್ ಎಂದಿತು. ಹೆಂಟೆಯೊಂದನ್ನು ತಿಕ್ಕಿದರೆ ಅಂಗೈ ತುಂಬ ಹುಡಿ. ಹಿಂದಿನ ಗೋಡೆಗೆ ಹೋದರು. ಅಲ್ಲಿದ್ದ ಮೂರು ತೇಪೆಗಳಲ್ಲಿ ಕೊನೆಯದು ಇದೇ ಚೀಲದ ಮಾಲು, ಇದೇ ಕೈ, ಇದೇ ಬ್ಲಾಕು. ತಟ್ಟಿದರೆ ಕಲ್ಲಿನ ಹಾಗೆ ಗಟ್ಟಿ.

"ಇದಕ್ಕೆ ನೀರು ಹೊಡೆದೋರು ಯಾರು?" ಮೇಡಂ ಕೇಳಿದರು.

"ಮೇಸ್ತ್ರಿ ಹೆಂಡತಿ," ಎಂದರು ಹಿಂದೆಯೇ ನಿಂತಿದ್ದ ನೀರಣ್ಣ. "ಮುಂದಿನ ಗೋಡೆಗೆ ನಾನೇ ದಿನಾ ಹೊಡೆದಿದೀನಿ ಮೇಡಂ. ಒಂದು ಹೊತ್ತೂ ತಪ್ಪಿಸಿಲ್ಲ. ಬರೆದೂ ಇಟ್ಟಿದೀನಿ."

ಮುಂದಿನ ಗೋಡೆಯ ಮಾತನ್ನು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಮೇಡಂ ಕೈ ಚಾಚಿದರು. ನೀರಣ್ಣ ಕೊಟ್ಟ ಪುಸ್ತಕದಲ್ಲಿ ಹಿಂದಿನ ತಿಂಗಳ ಹದಿನೆಂಟರಿಂದ ಇಪ್ಪತ್ತನಾಲ್ಕರವರೆಗೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು ಮುತ್ತಿನಂಥ ಅಕ್ಷರ; ಏಳೂ ದಿನದ್ದು ಒಂದೇ ಶಾಯಿ, ಒಂದೇ ಓಟ.

ಕೆಲಸದವರ ಶೆಡ್ಡಿನಲ್ಲಿ ಏಳು ಲೋಟಗಳನ್ನು ತೊಳೆದು ಬೋರಲು ಹಾಕಿತ್ತು. ನೀರು ಇನ್ನೂ ಆರಿರಲಿಲ್ಲ. ಕೆಲಸದವರು ಹೋಗಿ ಮೂರು ವಾರದ ಮೇಲಾಗಿತ್ತು.

"ಇವನ್ನ ಯಾರು ತೊಳೀತಾರೆ?"

"ನಾನೇ. ಧೂಳು ಕೂರುತ್ತಲ್ಲ." ನೀರಣ್ಣ ನಗಲು ನೋಡಿದರು. "ಕೂತ್ಕೊಳ್ಳಿ ಮೇಡಂ, ಟೀ ಮಾಡ್ತೀನಿ. ಎಲ್ಲರಿಗೂ ಮಾಡ್ತೀನಿ, ಎಷ್ಟೊತ್ತೂ ಆಗಲ್ಲ."

ಅಯ್ಯೋ ಅನ್ನಿಸಿತು ಮೇಡಂಗೆ. ಖಾಲಿ ಮನೆಯಲ್ಲಿ ಒಂದು ಲೋಟ ಟೀಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬೇಡವೆಂದರು.

ಅಲ್ಲಿಗೆ ನೀರು ಬರುತ್ತಿದ್ದುದು ಟ್ಯಾಂಕರಿನಲ್ಲಿ. ಎರಡು ಹತ್ತಕ್ಕೆ ಹೆಡ್ ಕಾನ್‌ಸ್ಟೇಬಲ್ ಟ್ಯಾಂಕರಿನವನಿಗೆ ಫೋನ್ ಮಾಡಿದ. ಗೋಡೆಗೆ ಹೊಡೆಯುವ ದಿನಗಳಲ್ಲಿ ತೊಟ್ಟಿ ಎರಡು ದಿನಕ್ಕೆ ಖಾಲಿಯಾಗುತ್ತಿತ್ತು ಎಂದ ಅವನು. ಹದಿನೆಂಟರಿಂದ ಇಪ್ಪತ್ತನಾಲ್ಕರವರೆಗೆ ಮಾತ್ರ ಒಂದು ಟ್ಯಾಂಕರೂ ಹೋಗಿರಲಿಲ್ಲ. "ತೊಟ್ಟಿ ತುಂಬೇ ಇದೆ, ಬರಬೇಡ ಅಂದ್ರು ಸಾರ್, ಆ ಯಜಮಾನ್ರು."

ಮೂರಕ್ಕೆ ನೀರಣ್ಣನನ್ನು ಠಾಣೆಗೆ ಕರೆತಂದರು.

"ಏಳು ದಿನ ಯಾವ ನೀರು ಹೊಡೆದ್ರಿ?"

ನೀರಣ್ಣ ಮೇಜಿನ ಮೇಲಿದ್ದ ತಮ್ಮ ಪುಸ್ತಕದ ಕಡೆ ನೋಡಿದರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋಕೆ ನನಗಿಷ್ಟ ಇಲ್ಲ. ಹೊರಗೆ ಬೆಂಚಿನ ಮೇಲೆ ಕೂತಿರೋನ ಹೆಂಡತಿಗೆ ನಾಳೆ ಆಪರೇಷನ್. ಅವನನ್ನ ಜೈಲಿಗೆ ಕಳಿಸ್ಲಾ?"

"ಬೇಡಿ." ನೀರಣ್ಣ ಮೇಜಿನ ಅಂಚು ಹಿಡಿದುಕೊಂಡರು. "ಹೊಡೀಲಿಲ್ಲ ಮೇಡಂ. ಒಂದು ದಿನಾನೂ ಹೊಡೀಲಿಲ್ಲ."

"ಯಾಕೆ?"

"ಹೊರಗಿನ ಪ್ಲಾಸ್ಟರೇ ಕೊನೇ ಕೆಲಸ. ಅದು ಮುಗಿದ್ರೆ ಅವರೆಲ್ಲ ಹೊರಟುಹೋಗ್ತಾರೆ. ಎಂಟು ತಿಂಗಳು... ಬೆಳಿಗ್ಗೆ ಎದ್ದರೆ 'ನೀರಣ್ಣ, ತಿಂಡಿ ಆಯ್ತಾ' ಅಂತ ಕೇಳೋಳು ಅವಳು. ಗೋಡೆ ಒಣಗಿದ್ರೆ ಸಣ್ಣ ಬಿರುಕು ಬಿಡುತ್ತೆ ಅಂತ ಮೇಸ್ತ್ರಿ ಹೇಳಿದ್ದ. ಬಿಡಲಿ, ಮತ್ತೆ ಬರ್ತಾರೆ, ಹತ್ತು ಹದಿನೈದು ದಿನ ಇರ್ತಾರೆ ಅಂದ್ಕೊಂಡೆ. ಬೀಳುತ್ತೆ ಅಂತ ಗೊತ್ತಿರಲಿಲ್ಲ ಮೇಡಂ. ಅದೂ ಅವಳ ಮೇಲೆ."

"ನಿನ್ನೇನೇ ಯಾಕೆ ಹೇಳ್ಲಿಲ್ಲ?"

"ಹೆದರಿಕೆ ಆಯ್ತು," ಎಂದು ಅತ್ತುಬಿಟ್ಟರು.

ಹೇಳಿಕೆ ದಾಖಲಾಯಿತು. ಐದು ಗಂಟೆಗೆ ಮೇಸ್ತ್ರಿಯನ್ನು ಬಿಟ್ಟರು. ವಿಷಯ ತಿಳಿದ ಅವನು ನೀರಣ್ಣನ ಮುಂದೆ ಒಂದು ಗಳಿಗೆ ನಿಂತು, ಆಸ್ಪತ್ರೆಗೆ ನಡೆದ.

ಐದೂವರೆಗೆ ನೀರಣ್ಣನ ಬಂಧನ. ನಿರ್ಲಕ್ಷ್ಯದಿಂದ ಗಾಯ, ಆಸ್ತಿಗೆ ಹಾನಿ, ಸುಳ್ಳು ದಾಖಲೆ. ಬಂಧನದ ಹಾಳೆಯಲ್ಲಿ ಒಂದು ಕಲಂ ಉಳಿಯಿತು: ಬಂಧನದ ವಿಷಯ ಯಾರಿಗೆ ತಿಳಿಸಲಾಯಿತು.

"ತಂಗಿಗೆ ಹೇಳಿದ್ದಾಯ್ತು. ಇನ್ಮೇಲೆ ಫೋನ್ ಮಾಡಬೇಡಿ ಅಂದ್ರು," ಎಂದರು ಮೇಡಂ. "ಬೇರೆ ಯಾರಿಗೆ ತಿಳಿಸ್ಲಿ?"

ನೀರಣ್ಣ ಒಂದು ನಂಬರನ್ನು ಬಾಯಿಪಾಠದಿಂದ ಹೇಳಿದರು. ಮೇಸ್ತ್ರಿಯ ಹೆಂಡತಿಯದು.

ಮೇಡಂ ಹಿಂದೆಮುಂದೆ ನೋಡಿ, ಕೊನೆಗೆ ಫೋನ್ ಹಚ್ಚಿದರು. ಆ ಕಡೆ ನೋವಿನ ದನಿ. ಮೇಡಂ ಎಲ್ಲವನ್ನೂ ಹೇಳಿ ಮುಗಿಸಿದರು. ಆಮೇಲೆ ಆ ದನಿ ಮಾತಾಡಿತು. ಮೇಡಂ ಫೋನ್ ಇಟ್ಟರು.

"ಏನಂದ್ಲು? ಬೈದ್ಲಾ?"

"ಬೈದ್ರು," ಎಂದರು ಮೇಡಂ. ಉಳಿದದ್ದನ್ನು ಹೇಳಲೋ ಬೇಡವೋ ಎಂದು ತಡೆದು, ಹೇಳಿದರು. "'ನಮ್ಮ ಮನೆ ಆ ಕಟ್ಟಡದಿಂದ ಎರಡೇ ಬಸ್ ಸ್ಟಾಪು. ಕೆಲಸ ಮುಗಿದ ಮೇಲೂ ಬನ್ನಿ, ಭಾನುವಾರ ಊಟಕ್ಕೆ ಬನ್ನಿ ಅಂತ ಎಷ್ಟು ಸಲ ಕರೆದಿದ್ದೆ. ಬಂದಿದ್ರೆ ಆಗ್ತಿತ್ತಲ್ಲ' ಅಂದ್ರು."

ನೀರಣ್ಣ ಪೆನ್ನು ತೆಗೆದುಕೊಂಡರು.

"ನಾನು ಸುಮ್ಮನೆ ಬಾಯಿಮಾತಿಗೆ ಕರೀತಾಳೆ ಅಂದ್ಕೊಂಡಿದ್ದೆ," ಎಂದು ಹೇಳಿ, ತೋರಿಸಿದ ಜಾಗದಲ್ಲಿ ಸಹಿ ಹಾಕಿದರು.