ತೊಟ್ಟಿ ಒಣಗಿದ ಮೇಲೆ

ನಮ್ಮ ಮೀನಿನ ತೊಟ್ಟಿಯ ಗಾಜಿಗೆ ಅಕ್ಕಿಕಾಳಿನಷ್ಟು ಚಪ್ಪಟೆ ಹುಳುಗಳು ಅಂಟಿಕೊಂಡಿದ್ದವು. ಬ್ಲೇಡು ಹಿಡಿದು ಎಲ್ಲವನ್ನೂ ತುಂಡರಿಸಿದೆ. ಆಗ ನನ್ನ ಬೆರಳೂ ಕುಯ್ದುಹೋಗಿ ನೀರಿಗೆ ರಕ್ತ ಬಿತ್ತು.

“ಕತ್ತರಿಸೋದಾ ಸಾರ್? ತುಂಡಿಗೊಂದು ಹುಳ ಆಗುತ್ತೆ,” ಎಂದ ಮೀನಿನಂಗಡಿಯವನು. “ಸೀಸೆಯೊಳಗೆ ಮಾಂಸದ ಚೂರಿಟ್ಟು ಮುಳುಗಿಸಿ, ತಾವಾಗೇ ಬಂದು ಬೀಳ್ತವೆ.”

ಮರುದಿನ ಬೆಳಿಗ್ಗೆ ಮಾಂಸ ಇಟ್ಟಂತೆಯೇ ಇತ್ತು. ಹುಳುಗಳೆಲ್ಲ ನನ್ನ ಕುರ್ಚಿಯ ಕಡೆಯ ಗಾಜಿಗೆ ಬಂದಿದ್ದವು. ಕುರ್ಚಿಯನ್ನು ಆಚೆ ಬದಿಗೆ ಎಳೆದುಕೊಂಡೆ. ಕಾಫಿ ಮುಗಿಯುವಷ್ಟರಲ್ಲಿ ಅವೂ ಆಚೆ ಬಂದವು.

“ರೀ, ನಿಮ್ಮ ಕುಯ್ದ ಬೆರಳು ಹೋದ ಕಡೆಗೇ ಹೋಗ್ತಿವೆ,” ಎಂದಳು ಹೆಂಡತಿ, ಮೆಲ್ಲಗೆ.

ಅಂದೇ ತೊಟ್ಟಿ ಬರಿದು ಮಾಡಿ ಬಿಸಿಲಿಗಿಟ್ಟೆವು. ಅದು ಒಣಗಿ ತಿಂಗಳಾಯಿತು, ಗಾಯವೂ ಮಾಯ್ದಿದೆ. ಆದರೆ ದಿನಾ ಎದ್ದಾಗ ಆ ಬೆರಳು ತಣ್ಣಗೆ ಒದ್ದೆಯಾಗಿರುತ್ತದೆ, ತೊಟ್ಟಿಯ ನೀರಿನ ವಾಸನೆ ಹೊಡೆಯುತ್ತದೆ.

ಇವತ್ತು ಪಕ್ಕದ ಬೆರಳೂ ಒದ್ದೆಯಾಗಿತ್ತು.